ಬ್ಯಾಡ್ಜಪ್ಪ

ವೇಗದ ಕಾರನ್ನು ಅದರ ಓಟಕ್ಕಿಂತ ಹೆಚ್ಚಾಗಿ ಡಿಕ್ಕಿಯ ಮೇಲಿನ ಅಕ್ಷರಗಳಿಗಾಗಿ ಪ್ರೀತಿಸುವ ನಗರವಾಸಿಯೇ ಬ್ಯಾಡ್ಜಪ್ಪ. ಬೆಂಗಳೂರಿನ ಯಾವುದೇ ದೊಡ್ಡ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಒಬ್ಬನಾದರೂ ಸಿಗುತ್ತಾನೆ. ಮೂವತ್ತು ದಾಟಿರುತ್ತಾನೆ, ಐವತ್ತು ಮುಟ್ಟಿರುವುದಿಲ್ಲ, ಕಾರಿನ ಸಾಲದ ಕಂತು ಮುಗಿದಿರುವುದಿಲ್ಲ. ಭಾನುವಾರ ಕಾರನ್ನು ತಾನೇ ಒರೆಸುತ್ತಾನೆ. ಉಳಿದ ದಿನ ಆ ಕೆಲಸ ಮಾಡುವ ಹುಡುಗನಿಗೆ ಡಿಕ್ಕಿಯ ಬಳಿ ಬಟ್ಟೆಯನ್ನು ಮೆಲ್ಲಗೆ ಆಡಿಸಬೇಕೆಂದು ಕಟ್ಟಪ್ಪಣೆಯಾಗಿದೆ. ಅಕ್ಷರ ಕಿತ್ತು ಬಂದರೆ ಗತಿಯೇನು?

ಬ್ಯಾಡ್ಜಪ್ಪ ಮಾತಾಡುವುದು ಬಹುಪಾಲು ಅಕ್ಷರಗಳಲ್ಲೇ: ಜಿಟಿಐ, ಆರ್‌ಎಸ್, ಎಎಂಜಿ, ಎಸ್‌ಟಿಐ. ಎದುರು ಮನೆಯ ಅಂಕಲ್ ಲಿಫ್ಟಿನ ಬಳಿ ಸಿಕ್ಕಿ, "ಏನಪ್ಪಾ, ಪೋಲೋ ತಗೊಂಡ್ಯಂತೆ?" ಎಂದರೆ, "ಪೋಲೋ ಅಲ್ಲ ಅಂಕಲ್, ಜಿಟಿ" ಎಂದು ತಿದ್ದುತ್ತಾನೆ. ಅಂಕಲ್ಲಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ, ತಿಳಿಯುವ ಆಸೆಯೂ ಇಲ್ಲ. ಅವರ ಎರಡನೆಯ ಪ್ರಶ್ನೆ ಕನ್ನಡನಾಡಿನ ಎಲ್ಲ ಕಾರುಗಳಿಗೂ ಅನ್ವಯಿಸುವಂಥದ್ದು: "ಎಷ್ಟು ಕೊಡುತ್ತೆ?" ಇದಕ್ಕೆ ಬ್ಯಾಡ್ಜಪ್ಪನಲ್ಲಿ ಉತ್ತರ ಇದೆ; ಹೆಂಡತಿ ಪಕ್ಕದಲ್ಲಿರುವಾಗ ಹೇಳುವಂಥದ್ದಲ್ಲ.

ಅಕ್ಷರಕ್ಕೆ ಬೆಲೆಯೇ ಇಲ್ಲ ಎನ್ನುವಂತಿಲ್ಲ. ಫೋಕ್ಸ್‌ವ್ಯಾಗನ್ ಕಂಪನಿ ಭಾರತದಲ್ಲಿ ಮಾರಿದ ಪೋಲೋ ಜಿಟಿ ಟಿಎಸ್‌ಐ ಕಾರಿಗೆ 1.2 ಲೀಟರ್ ಎಂಜಿನ್, 105 ಅಶ್ವಶಕ್ತಿ. 2016ರ ನವೆಂಬರ್‌ನಲ್ಲಿ ಅದೇ ಕಂಪನಿ ಪೋಲೋ ಜಿಟಿಐ ಎಂಬ ಮೂರು ಬಾಗಿಲಿನ ಕಾರನ್ನು 99 ಮಂದಿಗಷ್ಟೇ ಎಂದು ತಂದಿತು: 1.8 ಲೀಟರ್, 192 ಅಶ್ವಶಕ್ತಿ, ಷೋರೂಮ್ ಬೆಲೆ 25.99 ಲಕ್ಷ. ಹೆಸರಿಗೆ ಒಂದೇ ಅಕ್ಷರ ಸೇರಿದರೂ ಅದರ ಹಿಂದೆ ಎಂಜಿನ್ನೇ ಬೇರೆಯಾಗಿತ್ತು. ಆದರೆ ಪೋಲೋಗೆ 26 ಲಕ್ಷವೇ ಎಂದು ಮಂದಿ ಹಿಂಜರಿದರು, ಮರುವರ್ಷ ಕಂಪನಿ ಬೆಲೆಯನ್ನು 20 ಲಕ್ಷದ ಆಸುಪಾಸಿಗೆ ಇಳಿಸಿತು. ಆಗ ಬ್ಯಾಡ್ಜಪ್ಪನೂ ಕೊಳ್ಳಲಿಲ್ಲ. ಈಗ ಮಾತ್ರ, ಅದು ಎಲ್ಲೂ ಸಿಗದಿರುವಾಗ, "ಅವತ್ತೇ ತಗೊಂಡುಬಿಡಬೇಕಿತ್ತು ಮಗಾ" ಎಂದು ಗೆಳೆಯರ ಮುಂದೆ ಹಲುಬುತ್ತಾನೆ.

ಕಂಪನಿಗಳು ಇದರಿಂದ ಪಾಠ ಕಲಿತವು. ಎಂಜಿನ್ ದುಬಾರಿ, ಅಕ್ಷರ ಅಗ್ಗ. ಹ್ಯುಂಡೈ ಯುರೋಪಿನಲ್ಲಿ ಐ20 ಎನ್ ಎಂಬ 204 ಅಶ್ವಶಕ್ತಿಯ ಪುಂಡ ಕಾರನ್ನು ಮಾರಿತು. ಭಾರತಕ್ಕೆ 2021ರಲ್ಲಿ ಬಂದದ್ದು ಐ20 ಎನ್ ಲೈನ್. ಮಾಮೂಲಿ ಐ20 ಟರ್ಬೊದಲ್ಲಿದ್ದ ಅದೇ 1 ಲೀಟರ್ ಎಂಜಿನ್, ಅದೇ 120 ಅಶ್ವಶಕ್ತಿ. ಸಸ್ಪೆನ್ಷನ್ ತುಸು ಬಿಗಿ, ಸೈಲೆನ್ಸರ್ ಸದ್ದು ತುಸು ಗಡಸು, ಅಲ್ಲಲ್ಲಿ ಕೆಂಪು ಗೆರೆ. ಕಾರು ಒಳ್ಳೆಯದೇ, ಮಾತು ಅದಲ್ಲ. ಕ್ಷೀರಸಾಗರ ಭಟ್ಟರ ಮನೆಯಲ್ಲಿ ಮಜ್ಜಿಗೆಯಾದರೂ ಇದೆ ಎಂದು ಒಪ್ಪಬೇಕು. ಇಷ್ಟು ಖರ್ಚೂ ಬೇಡ ಎನ್ನುವವರಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಿದೆ. ಅಲ್ಲಿನ ಅಂಗಡಿಗಳಲ್ಲಿ ಬಿಎಂಡಬ್ಲ್ಯುವಿನ ಎಂ ಆಗಲಿ ಮರ್ಸಿಡಿಸ್‌ನ ಎಎಂಜಿಯಾಗಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಚೌಕಾಸಿ ಮಾಡಿದರೆ ಇನ್ನೂ ಕಡಿಮೆಗೆ. ಇಂಥ ಎಂ ಹಚ್ಚಿಕೊಂಡ ಸ್ವಿಫ್ಟ್ ಕಂಡರೆ ಬ್ಯಾಡ್ಜಪ್ಪ ಮುಖ ಸಿಂಡರಿಸುತ್ತಾನೆ. ಕಂಪನಿಯೇ ಹಚ್ಚಿ ಕಳಿಸಿದ್ದು ಆಚಾರ, ಅಂಗಡಿಯಲ್ಲಿ ಹಚ್ಚಿಸಿದ್ದು ಮೈಲಿಗೆ.

ಈ ಮಡಿಯ ಹಿಂದಿರುವ ಇತಿಹಾಸ ಅಷ್ಟೇನೂ ಮಡಿಯದಲ್ಲ. 1962ರಲ್ಲಿ ಫೆರಾರಿ ರೇಸಿಗೆಂದೇ 250 ಜಿಟಿಓ ಎಂಬ ಕಾರನ್ನು ಕಟ್ಟಿತು. ನಲವತ್ತು ಕೂಡ ತಯಾರಾಗಲಿಲ್ಲ. ಎರಡೇ ವರ್ಷದಲ್ಲಿ ಅಮೆರಿಕದ ಪಾಂಟಿಯಾಕ್ ಕಂಪನಿ ಸಂಸಾರಸ್ಥರು ಕೊಳ್ಳುವ ತನ್ನ ಟೆಂಪೆಸ್ಟ್ ಕಾರಿಗೆ ದೊಡ್ಡ ವಿ8 ಎಂಜಿನ್ ಕೂರಿಸಿ, ಜಿಟಿಓ ಎಂದೇ ಹೆಸರಿಟ್ಟು ಮೊದಲ ವರ್ಷವೇ 32 ಸಾವಿರಕ್ಕೂ ಹೆಚ್ಚು ಮಾರಿತು. ಯುರೋಪಿನ ರೇಸ್ ಭಕ್ತರು ಇದು ಹಾಡಹಗಲಿನ ಕಳವು ಎಂದು ಕಿರುಚಿಕೊಂಡರು. ಕದ್ದ ಹೆಸರಾದರೂ ಹತ್ತು ವರ್ಷ ಮೆರೆಯಿತು, 1974ರಲ್ಲಿ ನಿಂತಿತು. ಮೂವತ್ತು ವರ್ಷದ ಮೇಲೆ, 2004ರಲ್ಲಿ, ಪಾಂಟಿಯಾಕ್ ಅದನ್ನು ಮತ್ತೆ ಎಬ್ಬಿಸಿತು. ಈ ಸಲದ ಕಾರು ಆಸ್ಟ್ರೇಲಿಯಾದ ಹೋಲ್ಡನ್ ಮೊನಾರೊ. ಬ್ಯಾಡ್ಜ್ ಬದಲಾಯಿಸಿ, ಸ್ಟೀರಿಂಗನ್ನು ಎಡಕ್ಕೆ ಸರಿಸಿ ಹಡಗು ಹತ್ತಿಸಿದ್ದು. ಎಂಜಿನ್ 5.7 ಲೀಟರಿನ ವಿ8, 350 ಅಶ್ವಶಕ್ತಿ. ಮರುವರ್ಷ 6 ಲೀಟರ್, 400 ಅಶ್ವಶಕ್ತಿ. ಬ್ರೇಕು, ತಿರುವು, ಪಿಕಪ್, ಎಲ್ಲದರಲ್ಲೂ ಅಜ್ಜನನ್ನು ಮೀರಿಸಿದ ಮೊಮ್ಮಗ. ಅಮೆರಿಕದ ಬ್ಯಾಡ್ಜಪ್ಪಂದಿರು ಸುತ್ತ ಬಂದು ನೋಡಿ, ಬಾನೆಟ್ಟಿನ ಮೇಲೆ ಗಾಳಿಗಿಂಡಿಗಳೇ ಇಲ್ಲ, ಇದೆಂಥ ಜಿಟಿಓ ಎಂದರು. 2005ರಲ್ಲಿ ಗಿಂಡಿಗಳೂ ಬಂದವು, ಕಾರು ಮಾತ್ರ ನಿರೀಕ್ಷೆಯಷ್ಟು ಹೋಗಲಿಲ್ಲ. 2006ಕ್ಕೆ ಎಲ್ಲ ಮುಗಿಯಿತು. ಕದ್ದ ಹೆಸರಿನ ಮರ್ಯಾದೆ ಕಾಯಲು ಮಾಲೀಕನಿಗಿಂತ ಹೆಚ್ಚು ಹೋರಾಡಿದವರು ಕದ್ದ ಮಾಲು ಕೊಂಡವರು.

ಮಸ್ಟಾಂಗ್ ಕಥೆಯೂ ಇದೇ ಜಾಡಿನದು. ಫೋರ್ಡ್ 2019ರಲ್ಲಿ ವಿದ್ಯುತ್ ಎಸ್‌ಯುವಿಯೊಂದಕ್ಕೆ ಮಸ್ಟಾಂಗ್ ಮ್ಯಾಕ್-ಇ ಎಂದು ನಾಮಕರಣ ಮಾಡಿದಾಗ ಭಕ್ತರು ಎದೆ ಬಡಿದುಕೊಂಡರು. ಅದರ ಜಿಟಿ ಆವೃತ್ತಿಗೆ ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು 4 ಸೆಕೆಂಡೂ ಬೇಡ. 1964ರ ಮೂಲ ಮಸ್ಟಾಂಗ್‌ನಲ್ಲಿ ಅಗ್ಗದ್ದಕ್ಕೆ ಇದ್ದದ್ದು 101 ಅಶ್ವಶಕ್ತಿ. 1974ರಲ್ಲಿ ಬಂದ ಎರಡನೆಯ ಮಸ್ಟಾಂಗ್‌ನಲ್ಲಿ ಮೊದಲ ವರ್ಷ ವಿ8 ಎಂಜಿನ್ನೇ ಇರಲಿಲ್ಲ, ನಾಲ್ಕು ಸಿಲಿಂಡರಿನದು 90 ಅಶ್ವಶಕ್ತಿಯನ್ನೂ ಮುಟ್ಟುತ್ತಿರಲಿಲ್ಲ. ಅದೂ ಮಸ್ಟಾಂಗೇ. ಬ್ಯಾಡ್ಜಪ್ಪನಿಗೆ ಈ ಅಂಕಿಗಳನ್ನು ಹೇಳಿದರೆ, "ಸರ್, ಅದು ಫೀಲ್ ವಿಷಯ" ಎನ್ನುತ್ತಾನೆ. ಮಸ್ಟಾಂಗನ್ನು ಅವನು ಓಡಿಸಿರುವುದು ಕಂಪ್ಯೂಟರ್ ಆಟದಲ್ಲಿ.

ಇವನಿಗೆ ಎದುರಾಳಿ ಅಂಕಿಮೂರ್ತಿ. ಹೆಸರೆಂಬುದು ಮಾಯೆ, ಸಾಮರ್ಥ್ಯವೊಂದೇ ಸತ್ಯ ಎಂಬುದು ಈತನ ಸಿದ್ಧಾಂತ. ಯಾರ ಕಣ್ಣಿಗೂ ಬೀಳದ ಡೀಸೆಲ್ ಸೆಡಾನ್ ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು, ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಪಾಠ ಹೇಳಿಸಿ, ಅಂದರೆ ಇಸಿಯು ರೀಮ್ಯಾಪ್ ಮಾಡಿಸಿ, ಡಿಕ್ಕಿಯ ಮೇಲಿದ್ದ ಕಂಪನಿಯ ಹೆಸರನ್ನು ದಾರ ಆಡಿಸಿ ಕಿತ್ತು ತೆಗೆದಿರುತ್ತಾನೆ. ಗೊತ್ತಿರುವವರಿಗೆ ಗೊತ್ತಾಗಲಿ ಎಂಬ ಸನ್ಯಾಸ ಅದು. ಮೊದಲ ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವನು ತಿರುಗಿಯೂ ನೋಡುವುದಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯ ಸಿಗ್ನಲ್ಲಿಗೆ ಅಂಕಿಮೂರ್ತಿ ಕಿಟಕಿಯ ಗಾಜು ಇಳಿಸಿ, "ರೀಮ್ಯಾಪ್ ಮಾಡ್ಸಿದೀನಿ ಗುರು, 400 ನ್ಯೂಟನ್ ಮೀಟರ್ ಟಾರ್ಕ್" ಎಂದು ತಾನೇ ಹೇಳುತ್ತಾನೆ. ಬ್ಯಾಡ್ಜ್ ತೆಗೆದದ್ದಕ್ಕೆ ಅದರ ಕೆಲಸವೂ ಅವನ ಕೊರಳಿಗೇ ಬಿದ್ದಿದೆ.

ಇಬ್ಬರಲ್ಲಿ ಯಾರ ವಾದ ಗಟ್ಟಿ ಎಂದು ನಿರ್ಧರಿಸುವುದು ರಸ್ತೆ. 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ದಾಟಲು ಸುಮಾರು 29 ನಿಮಿಷ ಬೇಕಾಯಿತು ಎಂದು ಟಾಮ್‌ಟಾಮ್ ಸಂಸ್ಥೆ ಲೆಕ್ಕ ಕೊಟ್ಟಿತು. ಗಂಟೆಗೆ ಸುಮಾರು 21 ಕಿಲೋಮೀಟರ್ ಆಯಿತು. ಆ ವೇಗದಲ್ಲಿ 192 ಅಶ್ವಶಕ್ತಿಯೂ ಅದರ ಕಾಲುಭಾಗವೂ ಒಂದೇ ಬಿಎಂಟಿಸಿ ಬಸ್ಸಿನ ಹಿಂದೆ ಹೊಗೆ ಕುಡಿಯುತ್ತ ನಿಲ್ಲುತ್ತವೆ. ಮೈಸೂರಿನ ಹೊಸ ಹೆದ್ದಾರಿಗೆ ಹೋದರೆ ಮಿತಿ 100. 2024ರ ಆಗಸ್ಟ್‌ನಿಂದ 130 ದಾಟಿದವರ ಮೇಲೆ ರಾಜ್ಯದ ಪೊಲೀಸರು ಎಫ್‌ಐಆರ್ ಹಾಕುತ್ತಾರೆ. ಸರಿಯಾದ ರೇಸ್ ಟ್ರ್ಯಾಕ್ ಬೇಕೆಂದರೆ ಚೆನ್ನೈ ಹತ್ತಿರದ ಇರುಂಗಾಟುಕೋಟೈನಲ್ಲಿ 3.7 ಕಿಲೋಮೀಟರಿನದು ಇದೆ. ಅಲ್ಲಿಗೆ ಹೋಗುವ ಯೋಜನೆ ವಾಟ್ಸಾಪ್ ಗುಂಪಿನಲ್ಲಿ ಸದಾ ಸಿದ್ಧವಾಗಿರುತ್ತದೆ. ನಿಜವಾಗಿ ನಡೆಯುವುದು ಭಾನುವಾರ ನಸುಕಿನ ನಂದಿಬೆಟ್ಟದ ಸವಾರಿ. ಹಂಪ್‌ಗಳ ಮೇಲೆ ಕಾರಿನ ಹೊಟ್ಟೆ ತಗುಲದಂತೆ ಓರೆಯಾಗಿ ಹತ್ತಿಸಿ, ಇಳಿಸಿ, ಹೋಟೆಲೊಂದರ ಮುಂದೆ ಸಾಲಾಗಿ ನಿಲ್ಲಿಸಿ, ಇಡ್ಲಿ ವಡೆ ತಿಂದು, ಹಿಂಬದಿಯ ಫೋಟೊ ತೆಗೆದು ಹತ್ತು ಗಂಟೆಯೊಳಗೆ ಮನೆ ಸೇರುವುದು. ಫೋಟೊದಲ್ಲಿ ಟಾರ್ಕ್ ಕಾಣುವುದಿಲ್ಲ, ಅಕ್ಷರ ಕಾಣುತ್ತದೆ. ಹಾಗಾಗಿ ಈ ಊರಿನ ಮಟ್ಟಿಗೆ ಬ್ಯಾಡ್ಜಪ್ಪನದೇ ಗೆಲುವು ಎನ್ನಬೇಕು: ನಿಂತ ಕಾರಿನಲ್ಲೂ ದುಡಿಯುವ ಬಿಡಿಭಾಗ ಹೆಸರೊಂದೇ.

ಸರ್ಕಾರ ಇಬ್ಬರ ಮಾತಿಗೂ ಕಿವಿಗೊಟ್ಟಿಲ್ಲ. ಕಾರಿನ ಕಡ್ಡಾಯ ಥರ್ಡ್ ಪಾರ್ಟಿ ವಿಮೆಯ ದರವನ್ನು ಅದು ಸಿಸಿ ನೋಡಿ ಕಟ್ಟುತ್ತದೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯ ಪ್ರಕಾರ, ತೆರಿಗೆ ಬಿಟ್ಟು, 1000 ಸಿಸಿಯವರೆಗೆ 2,094 ರೂಪಾಯಿ, 1500ರವರೆಗೆ 3,416, ಅದರಾಚೆ ಎಲ್ಲಕ್ಕೂ 7,897. ಪೋಲೋ ಜಿಟಿಐಗೂ ಮದುವೆಮನೆಗಳಿಗೆ ಬಳಗವನ್ನು ಹೊತ್ತೊಯ್ಯುವ ಸ್ವಂತದ ಇನ್ನೋವಾಗೂ ಒಂದೇ ದರ. ಎನ್ ಲೈನ್‌ನ ಎಂಜಿನ್ 998 ಸಿಸಿಯದಾದ್ದರಿಂದ ಅದು ಕಟ್ಟುವುದು ಎದುರು ಮನೆಯ ಅಂಕಲ್ಲಿನ ಆಲ್ಟೊ ಕಟ್ಟುವಷ್ಟೇ, 2,094 ರೂಪಾಯಿ.