ಹಡಗೇರುವ ಮುನ್ನ

ಡೊಂಬಿವಲಿಯ ಗಾಳಿಗೆ ಒಗ್ಗಿದ ಶ್ವಾಸಕೋಶಕ್ಕೆ ಸಮುದ್ರದ ಗಾಳಿ ಹಿಡಿಸೀತೇ? ನಮ್ಮ ದೊಡ್ಡಪ್ಪನ ಕ್ರೂಸ್ ಯೋಜನೆಗೆ ದೊಡ್ಡಮ್ಮ ತೆಗೆದ ಮೊದಲ ತಕರಾರು ಇದು. ಅವರ ಮಾತಲ್ಲೂ ತಿರುಳಿದೆ. 2014ರಲ್ಲಿ ಹಸಿರು ಮಳೆ ಸುರಿದ, 2020ರಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿದ ಊರಿದು. ಇಲ್ಲಿನವರಿಗೆ ಬಣ್ಣವಿಲ್ಲದ, ವಾಸನೆಯಿಲ್ಲದ ಗಾಳಿ ಸಪ್ಪೆ ಅನ್ನಿಸಿದರೆ ತಪ್ಪೇನು?

ದೊಡ್ಡಪ್ಪನಿಗೆ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ. ಸಾಲದ್ದಕ್ಕೆ ಮಂಡಿಯೂ ಕೈಕೊಟ್ಟಿದೆ. ಜೇಬಲ್ಲಿ ಇನ್‌ಹೇಲರ್, ಹೆಗಲಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್. ಗಾಳಿಯಲ್ಲಿ ಶೇ. 78ರಷ್ಟಿರುವ ಸಾರಜನಕವನ್ನು ಸೋಸಿ ಬದಿಗಿಟ್ಟು, ಮೂಗಿಗೆ ಆಮ್ಲಜನಕ ಬಿಡುವ ಯಂತ್ರ ಅದು.

“ಸಿಲಿಂಡರಿನ ಹಾಗೆ ಖಾಲಿಯಾಗೋ ಚಿಂತೆಯೇ ಇಲ್ಲ ಕಣೇ.”

“ಬ್ಯಾಟರಿ ಖಾಲಿಯಾಗತ್ತಲ್ಲ, ಅದಕ್ಕೇನು ಮಾಡ್ತೀರಿ?”

ಹಡಗೇನೋ ಸರಿ. ಅಲ್ಲಿ ಲಿಫ್ಟು, ಡಾಕ್ಟರು, ಗಾಲಿಕುರ್ಚಿ ಎಲ್ಲ ಇರುತ್ತವೆ. ಅಸಲಿ ಸಾಗರ ಇರುವುದು ಡೊಂಬಿವಲಿಗೂ ಹಡಗು ಹೊರಡುವ ಮುಂಬೈನ ಬಲಾರ್ಡ್ ಪಿಯರಿಗೂ ನಡುವೆ. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಸೀಟು ಬೇಕಾದರೆ ಉಲ್ಟಾ ಕಲ್ಯಾಣಕ್ಕೆ ಹೋಗಿ ಕೂತು ಬರುವುದು ಇಲ್ಲಿನ ಸಂಪ್ರದಾಯ. ದಿವ್ಯಾಂಗರ ಡಬ್ಬಿಯಲ್ಲೋ, ಗಟ್ಟಿಮುಟ್ಟಾದ ಆಸಾಮಿಗಳು ಅಮಾಯಕರಂತೆ ಕಿಟಕಿಯಾಚೆ ನೋಡುತ್ತಿರುತ್ತಾರೆ.

“ಬೇಲಾಪುರದ ಜೆಟ್ಟಿಯಿಂದ 2022ರಲ್ಲಿ ವಾಟರ್ ಟ್ಯಾಕ್ಸಿ ಶುರು ಮಾಡಿದ್ರಲ್ಲ, ಹಾಗೇ ನೀರಲ್ಲೇ ಹೋದ್ರೆ?” ಅಂದರು ದೊಡ್ಡಪ್ಪ. ಬೇಲಾಪುರಕ್ಕೆ ರೈಲಲ್ಲಿ ಹೋಗಬೇಕಾದರೆ ಠಾಣೆಯಲ್ಲಿ ಇಳಿದು, ಆ ಜನಜಾತ್ರೆಯಲ್ಲಿ ಮೇಲ್ಸೇತುವೆ ದಾಟಿ ಗಾಡಿ ಬದಲಿಸಬೇಕು.

ಕೊನೆಗೆ ಫಿಟ್‌ನೆಸ್ ಸರ್ಟಿಫಿಕೇಟಿಗೆಂದು ಡಾಕ್ಟರ ಬಳಿ ಹೋದದ್ದಾಯಿತು. ಅವರು ಎದೆಗೆ ಸ್ಟೆತೊಸ್ಕೋಪ್ ಇಟ್ಟು, ದಾರಿಯನ್ನೆಲ್ಲ ವಿಚಾರಿಸಿ ಹೇಳಿದರು: “ಹಡಗಿಗೆ ಸಹಿ ಹಾಕಿಕೊಡ್ತೀನಿ ರಾಯರೇ. ಠಾಣೆ ಸ್ಟೇಷನ್ನಿಗೆ ಮಾತ್ರ ಕೇಳಬೇಡಿ!”