ಬಯಲುಸೀಮೆಯ ಮಿಶ್ರಮಾಧ್ಯಮ ಕಲಾವಿದನ ಜ್ವರಚತುಷ್ಟಯ: ಒಂದು ಬಹುಶಿಸ್ತೀಯ ಅನುಸಂಧಾನ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ನೆಲೆಗಳಲ್ಲಿ ವಸ್ತುಸಂಸ್ಕೃತಿಯೊಡನೆ ನಿರಂತರ ಮುಖಾಮುಖಿಯಾಗುತ್ತ, ದೇಸಿ ಸಂವೇದನೆಯ ಬಹುಸ್ತರೀಯ ಸಂಕಥನವನ್ನು ನಿರಚಿಸುವ ಜೀವಿಗೆ ಮಿಶ್ರಮಾಧ್ಯಮ ಕಲಾವಿದನೆಂದು ಹೆಸರು. ಸರಳವಾಗಿ ಹೇಳುವುದಾದರೆ, ಕ್ಯಾನ್ವಾಸಿಗೆ ಬಣ್ಣದ ಜೊತೆ ತೂತುಬಿದ್ದ ರೇಷ್ಮೆಗೂಡು, ಹರಿದ ಗೋಣಿ, ಹಳೇ ಪಹಣಿಯ ಜೆರಾಕ್ಸು ಅಂಟಿಸುವವನು. ಸರಳವಾಗಿ ಹೇಳುವುದು ಶಾಸ್ತ್ರಸಮ್ಮತವಲ್ಲವಾದ್ದರಿಂದ ಈ ಎರಡನೆಯ ವ್ಯಾಖ್ಯೆಯನ್ನು ಇಲ್ಲಿಗೇ ಕೈಬಿಡಲಾಗಿದೆ.

ಪ್ರಮೇಯ ಹೀಗಿದೆ. ರೇಷ್ಮೆಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಕಲಾವಿದನಿಗೂ ಪ್ರದರ್ಶನದ ಆಸುಪಾಸಿನಲ್ಲಿ ನಾಲ್ಕು ಜ್ವರ ಬರುತ್ತವೆ, ಆ ದಿನಗಳಲ್ಲಿ ಅವನೂ ಕುಂಚ ಮುಟ್ಟುವುದಿಲ್ಲ. ಜ್ವರ ನಾಲ್ಕು, ಊರು ನಾಲ್ಕು. ಸಂಶೋಧಕನಿಗೆ ಇದಕ್ಕಿಂತ ಸಾಕ್ಷಿ ಬೇಕೆ?

ಪೂರ್ವಪಕ್ಷ: ಇದೆಲ್ಲ ಪ್ಯಾರಿಸ್ಸಿನ ಕಸುಬು. 1912ರಲ್ಲಿ ಪಿಕಾಸೊ ಕುರ್ಚಿಯ ಹೆಣಿಗೆ ಅಚ್ಚಾದ ಎಣ್ಣೆಬಟ್ಟೆಯನ್ನು ಕ್ಯಾನ್ವಾಸಿಗೆ ಅಂಟಿಸಿ ಸುತ್ತ ಹಗ್ಗ ಬಿಗಿದದ್ದರಿಂದ ಇದು ಶುರುವಾಯಿತು. ಬಯಲುಸೀಮೆಗೂ ಇದಕ್ಕೂ ಏನು ಸಂಬಂಧ?

ಸಿದ್ಧಾಂತ: ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋಗಿ ನೋಡತಕ್ಕದ್ದು. ಸಾವಿರಾರು ನಾಗರಕಲ್ಲು, ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ. ಮೇಲೆ ಅರಿಶಿನ, ಕುಂಕುಮ, ಹಾಲು. ಪರಿಕಲ್ಪನಾ ಟಿಪ್ಪಣಿಯನ್ನು ಯಾವ ಹರಕೆ ಹೊತ್ತವರೂ ಬರೆದು ಅಂಟಿಸಿಲ್ಲ. ಅದೇ ತಾಲ್ಲೂಕಿನಲ್ಲಿ ವಿಜ್ಞಾನಿಗಳು ಆಕಾಶದ ರೇಡಿಯೊ ಅಲೆ ಹಿಡಿಯಲು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಸಾವಿರ ಡೈಪೋಲುಗಳನ್ನು ಬಯಲಲ್ಲಿ ನೆಟ್ಟರು. ಕ್ಯೂರೇಟರೊಬ್ಬರು ಕಂಡಿದ್ದರೆ ಅದಕ್ಕೂ ‘ಶೂನ್ಯದೊಡನೆ ಸಂವಾದ’ ಎಂದು ಹೆಸರಿಟ್ಟು ಕ್ಯಾಟಲಾಗು ಅಚ್ಚುಹಾಕಿಸುತ್ತಿದ್ದರು. ಇನ್ನು ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ. ಸೂಜಿಗಳಿಗೆ ನೂರಾರು ಅಡಿ ದಾರ ಪೋಣಿಸಿ, ಕುಂಕುಮ ಬಳಿದು, ಗೋಡೆಯ ಮೇಲೂ ನೆಲದ ಮೇಲೂ ಹರಿಸಿದವರು. 2009ರಲ್ಲಿ ವೆನಿಸ್ ಬಿನಾಲೆಯಲ್ಲಿ, ಹರಕೆ ಕೊಟ್ಟ ಕೂದಲಿನಿಂದ ಹೊಸೆದ ಹಗ್ಗಕ್ಕೆ ಕಾರಿನ ಬಂಪರುಗಳನ್ನು ತೂಗುಹಾಕಿದವರು. ಆ ಕೆಲಸದ ಮುಂದೆ ಪರಿಭಾಷೆ ಬಾಯಿ ಮುಚ್ಚಿಕೊಳ್ಳುತ್ತದೆ. ಇಲ್ಲಿ ಅಣಕವಿಲ್ಲ.

ಪ್ರಥಮ ಜ್ವರ, ಟಿಪ್ಪಣಿಜ್ವರ. ಇದರ ಅಧಿದೇವತೆ ಅರ್ಜಿ ನಮೂನೆ. ‘ನಿಮ್ಮ ಕಲಾಕೃತಿಯ ಪರಿಕಲ್ಪನೆಯನ್ನು ಮುನ್ನೂರು ಪದಗಳಲ್ಲಿ ವಿವರಿಸಿ.’ ಕಲಾವಿದ ಮೊದಲು ಬರೆದದ್ದು: “ನಮ್ಮ ಮನೆಯಲ್ಲಿ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಹೋಗಿ ಪ್ಲಾಸ್ಟಿಕ್ ನೇತ್ರಿಕೆ ಬಂತು. ಹಳೇ ಚಂದ್ರಿಕೆಗಳು ಕೊಟ್ಟಿಗೆಯಲ್ಲಿ ಬಿದ್ದಿದ್ದವು. ಹುಳು ಕಚ್ಚಿಕೊಂಡಿದ್ದ ಜಾಗದಲ್ಲೆಲ್ಲ ನೂಲಿನ ಚೂರು ಉಳಿದಿತ್ತು. ಅದು ಚೆಂದ ಕಂಡಿತು, ತಂದು ಕೆಲಸ ಮಾಡಿದೆ.” ಪರಿಕಲ್ಪನೆ ದುರ್ಬಲವಾಗಿದೆ ಎಂಬ ಉತ್ತರ ಬಂತು. ಪರಿಷ್ಕೃತ ಪಾಠ: “ವಸಾಹತೋತ್ತರ ಕೃಷಿದೇಹದ ಸ್ಮೃತಿಕೋಶಗಳಲ್ಲಿ ಹುದುಗಿದ ಬಿದಿರಿನ ಅನುಪಸ್ಥಿತಿಯನ್ನು ಸಮಸ್ಯೀಕರಿಸುವ ಯತ್ನ.” ತಕ್ಷಣ ಆಯ್ಕೆ. ಬಿದಿರು ಗೋಡೆಯ ಮೇಲೆ ಎದುರಿಗೇ ತೂಗಾಡುತ್ತಿತ್ತು. ಅನುಪಸ್ಥಿತಿ ಯಾವುದಪ್ಪಾ ಎಂದು ಒಬ್ಬರೂ ಕೇಳಲಿಲ್ಲ.

ದ್ವಿತೀಯ ಜ್ವರ, ಸಾಗಣೆಜ್ವರ. ಚಿಕ್ಕಬಳ್ಳಾಪುರದಿಂದ ಬೆಂಗಳೂರು ಅರವತ್ತು ಕಿಲೋಮೀಟರಿನ ಆಸುಪಾಸು, ಹೆದ್ದಾರಿ. ಎಣ್ಣೆಬಣ್ಣದ ಚಿತ್ರವಾದರೆ ಸುತ್ತಿಕೊಂಡು ಬಸ್ಸಿಗೆ ಹತ್ತಬಹುದು. ಗೂಡು ಅಂಟಿಸಿದ ಆರಡಿ ಹಲಗೆಯನ್ನು ಸುತ್ತುವುದು ಹೇಗೆ? ಟೆಂಪೊ ಬೇಕು. ಟೆಂಪೊದವನಿಗೆ ಸಂಕಥನ ತಿಳಿಯದು, ಮೇಲೆ ಟೊಮ್ಯಾಟೊ ಕ್ರೇಟು ಜೋಡಿಸಿಕೊಳ್ಳಲೇ ಎನ್ನುತ್ತಾನೆ. ಮೈದಾ ಅಂಟು ಬಳಸಿದ ಕೃತಿಯನ್ನು ಹೊರಡುವ ಹಿಂದಿನ ರಾತ್ರಿ ಇಲಿ ಓದುತ್ತದೆ. ಇಲಿಯದು ನಿಕಟ ಓದು, ಕ್ಯಾಟಲಾಗು ಬರೆಯುವವರದಕ್ಕಿಂತ ನಿಕಟ.

ತೃತೀಯ ಜ್ವರ, ಉದ್ಘಾಟನಾಜ್ವರ. ದೀಪ, ಶಾಲು, ಸಮೋಸ. ಮುಖ್ಯ ಅತಿಥಿಗಳು ತಮ್ಮ ಬಾಲ್ಯದ ಕುರಿತು ಮಾತಾಡುತ್ತಾರೆ. ಒಬ್ಬರು ಕೃತಿಯ ಬಳಿ ಮೂಗು ತಂದು, ಆಹಾ, ಹಳ್ಳಿಯ ಮಣ್ಣಿನ ವಾಸನೆ ಎಂದರು. ಬರುತ್ತಿದ್ದುದು ಫೆವಿಕಾಲ್ ವಾಸನೆ. ಊರಿಂದ ಬಂದಿದ್ದ ಮಾವ ಮಾತ್ರ ಚಂದ್ರಿಕೆಯನ್ನು ಬಹಳ ಹೊತ್ತು ನೋಡಿ, “ಇದು ಮೇದರು ಹೆಣೆದದ್ದು, ಗಟ್ಟಿ ಕೈ” ಎಂದ. ಅವತ್ತು ಆ ಹಾಲ್‌ನಲ್ಲಿ ಕೇಳಿಬಂದ ಕಲಾವಿಮರ್ಶೆ ಅದೊಂದೇ.

ಚತುರ್ಥ ಜ್ವರವನ್ನು ಚಿಂತಾಮಣಿಗೆ ಹಂಚಬೇಕೋ ಶಿಡ್ಲಘಟ್ಟಕ್ಕೋ ಎಂಬ ಚರ್ಚೆ ಬಾಕಿ ಇದೆ. ಮೊದಲ ಮೂರನ್ನು ಯಾವ ಊರಿಗೆ ಹಂಚಿದೆವೆಂಬುದೂ ಸ್ಪಷ್ಟವಿಲ್ಲ. ಇರಲಿ ಬಿಡಿ. ವರ್ಗೀಕರಣ ಸಾಕಾಯಿತು.

ನಡೆದದ್ದು ಇಷ್ಟು. ಪ್ರದರ್ಶನ ಮುಗಿದ ಮೇಲೆ, ಟೆಂಪೊ ಬಾಡಿಗೆಯನ್ನಾದರೂ ಕೊಡುತ್ತೀರಾ ಎಂದು ಆಯೋಜಕರನ್ನು ಕೇಳಿದೆ. “ನಿಮಗೆ ಎಕ್ಸ್‌ಪೋಷರ್ ಸಿಕ್ಕಿತಲ್ಲ” ಎಂದರು. ಕ್ಯಾಟಲಾಗು ಅಚ್ಚು ಮಾಡಿದವರಿಗೆ ದುಡ್ಡು ಕೊಟ್ಟಿದ್ದರು, ಲೈಟಿನವರಿಗೆ ಕೊಟ್ಟಿದ್ದರು, ಸಮೋಸದವರಿಗೂ ಕೊಟ್ಟಿದ್ದರು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ರೈತ ಗೂಡು ತಂದರೆ ಹರಾಜಾಗುತ್ತದೆ, ತೂಕವಾಗುತ್ತದೆ. ದರ ಕಮ್ಮಿ ಬಂತೆಂದು ಜಗಳವಾಡಲು ಒಂದು ದರವಾದರೂ ಇರುತ್ತದೆ. ಅದೇ ಗೂಡು ಗ್ಯಾಲರಿಯ ಗೋಡೆ ಏರಿದರೆ ರೈತನ ಸಂಕಟದ ಪ್ರತೀಕವಾಗುತ್ತದೆ, ಬೆಲೆ ಕೇಳಿದವನು ಅಸಂಸ್ಕೃತನಾಗುತ್ತಾನೆ. ರೈತನ ಸಂಕಟದ ಮೇಲೆ ಇಷ್ಟು ಪುಟ ಬರೆಯುವವರು ಎದುರಿಗೆ ನಿಂತ ರೈತನ ಮಗನಿಗೆ ಡೀಸೆಲ್ ಕಾಸು ಕೊಡಲೊಲ್ಲರು. ಇದಕ್ಕೆ ಪರಿಭಾಷೆಯಲ್ಲಿ ಏನೆನ್ನುತ್ತಾರೋ, ನಮ್ಮೂರಲ್ಲಿ ಬಿಟ್ಟಿ ಚಾಕರಿ ಎನ್ನುತ್ತಾರೆ.

ಜ್ವರ ಬಿಟ್ಟ ಹುಳು ಸೊಪ್ಪಿಗೆ ಮುಗಿಬೀಳುತ್ತದೆ. ಕಲಾವಿದನಿಗೆ ಜ್ವರ ಬಿಟ್ಟಾಗ ಶಾಲೆಯ ಡ್ರಾಯಿಂಗ್ ಪೀರಿಯಡ್ಡು ಕಾದಿರುತ್ತದೆ. ಮೊದಲು ಅಂಗಡಿ ಬೋರ್ಡು ಬರೆದು ಸ್ಟುಡಿಯೊ ಬಾಡಿಗೆ ಹೊಂದಿಸುತ್ತಿದ್ದೆವು, ಅದನ್ನು ಫ್ಲೆಕ್ಸು ನುಂಗಿತು. ಉಳಿದದ್ದು ರಜೆಯ ದಿನಗಳು. ಹುಳು ಸಾಕುವುದು ಬಿಟ್ಟವರ ಖಾಲಿ ಶೆಡ್ಡಿನಲ್ಲಿ ಬೆಳಿಗ್ಗೆ ಗಂಜಿ ಕಾಯಿಸಿ, ಕಾಗದ ನೆನೆಸಿ, ಗೂಡಿನ ನಾರು ಬಿಡಿಸಿ ಹರಡಿದರೆ ಒಂದು ಪದರ ಒಣಗಲು ಒಂದು ದಿನ. ಮಳೆಗಾಲದಲ್ಲಿ ಮೂರು. ಬಿಸಿಲಿಗಿಟ್ಟರೆ ಸೆಟೆಯುತ್ತದೆ, ಫ್ಯಾನಿಗಿಟ್ಟರೆ ಅಂಚು ಏಳುತ್ತದೆ. ಕಾಯಬೇಕು. ಕಾಯುವಾಗಲೇ ಮುಂದಿನ ಪದರ ಯಾವ ಬಣ್ಣದ್ದೆಂದು ಹೊಳೆಯುವುದು. ಹೊರಗೆ ನಿಂತವರಿಗೆ ಅದು ಸುಮ್ಮನೆ ಕೂತಂತೆ ಕಾಣುತ್ತದೆ. ಸುಮ್ಮನೆ ಕೂತ ಆ ದಿನಗಳನ್ನೇ ಟಿಪ್ಪಣಿ ತಿಂದುಹಾಕುವುದು. ಅರ್ಜಿಗೆ ಕೊನೆಯ ದಿನಾಂಕವಿರುತ್ತದೆ, ಒಣಗುವುದಕ್ಕೆ ಇರುವುದಿಲ್ಲ.

ಹಾಗೆಂದು ಬೆಂಗಳೂರನ್ನೇ ಬೈಯಲಾರೆ. ಚಿತ್ರಕಲಾ ಪರಿಷತ್ತು ನಡೆಸುತ್ತಿರುವ ಚಿತ್ರಸಂತೆಯಲ್ಲಿ, ಕುಮಾರಕೃಪಾ ರಸ್ತೆಯ ಫುಟ್‌ಪಾತಿನಲ್ಲಿ, ಜನ ನೇರವಾಗಿ “ಎಷ್ಟು?” ಎನ್ನುತ್ತಾರೆ, ಚೌಕಾಸಿ ಮಾಡುತ್ತಾರೆ. ಆ ಅಪಮಾನ ನನಗೆ ಒಪ್ಪಿಗೆ. ಸರ್ಕಾರಿ ವೆಂಕಟಪ್ಪ ಗ್ಯಾಲರಿಯನ್ನು ಖಾಸಗಿಯವರಿಗೆ ದತ್ತು ಕೊಡಲು ಹೊರಟಾಗ, 2016ರಲ್ಲಿ, ನಗರದ ಕಲಾವಿದರು ಅದರ ಎದುರು ನಿಂತು ಪ್ರತಿಭಟಿಸಿದರು. ಕಡಿಮೆ ಬಾಡಿಗೆಯ ಸಾರ್ವಜನಿಕ ಗೋಡೆ ನಮ್ಮಂಥವರಿಗೆ ಏನೆಂಬುದು ಅವರಿಗೆ ಗೊತ್ತಿತ್ತು. ನಮ್ಮ ಕಡೆಯ ಕತೆ ಬೇರೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅಂದಿನಿಂದ ನಾವು ರಾಜ್ಯೋತ್ಸವಕ್ಕೆ ಶಾಲೆಯ ಕೋಣೆಗಳ ಬೆಂಚು ಸರಿಸಿ ಚಿತ್ರ ತೂಗುಹಾಕಿ, ಸಂಜೆಗೆ ಇಳಿಸುತ್ತಿದ್ದೇವೆ.

ಆದ್ದರಿಂದ ಆಯೋಜಕರಲ್ಲಿ ವಿನಂತಿ: ಮುಂದಿನ ಅರ್ಜಿ ನಮೂನೆಯಲ್ಲಿ ಮುನ್ನೂರು ಪದದ ಪರಿಕಲ್ಪನೆಯ ಜಾಗ ತೆಗೆದು, ಸಾಗಣೆ ವೆಚ್ಚ ಎಂಬ ಕಾಲಂ ಹಾಕಿ. ರಸೀದಿ ನಾವು ಲಗತ್ತಿಸುತ್ತೇವೆ.