ಲೋಟದೊಳಗೊಂದು ಲೋಟ

ನಮ್ಮ ಪಿಕಪ್‌ಗೆ ಹದಿನಾಲ್ಕು ವರ್ಷ. ಮನುಷ್ಯರಿಗಾದರೆ ಮೀಸೆ ಮೊಳೆಯುವ ವಯಸ್ಸು. ಮಲೆನಾಡಿನ ಮಳೆಯಲ್ಲಿ ನೆನೆದು, ಕೆಸರಿನಲ್ಲಿ ಹೂತು, ಗೊಬ್ಬರವನ್ನೂ ಅಡಿಕೆ ಮೂಟೆಯನ್ನೂ ಹೊತ್ತ ಗಾಡಿಗೆ ಮಾತ್ರ ಅದು ಷಷ್ಟ್ಯಬ್ದಿ ದಾಟಿದ ವಯಸ್ಸು. ಈಚೆಗೆ ಅದರ ಸ್ಟೇರಿಂಗ್‌ಗೆ ನಡುಕ ಶುರುವಾಗಿತ್ತು. ಗುಂಡಿಗೆ ಇಳಿದರೆ ಮುಂದಿನ ಎಡ ಚಕ್ರದಿಂದ ‘ಕಟಕ್’ ಎಂದು ಒಂದು ನರಳಾಟ.

ಗ್ಯಾರೇಜಿನ ಮೇಸ್ತ್ರಿ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, “ಟೈ ರಾಡ್ ಎಂಡ್ ಹೋಗಿದೆ ಸಾರ್. ಬಿಟ್ಟು ಹೋಗಿ, ನಾಡಿದ್ದು ಕೊಡ್ತೀನಿ” ಅಂದರು. ಗ್ಯಾರೇಜಿನ ನಾಡಿದ್ದು ಪಂಚಾಂಗದಲ್ಲಿ ಸಿಗುವ ದಿನವಲ್ಲ. ಎಂಡ್ ಅಂದರೆ ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳಿನ ತುದಿಯ ಕೀಲು. ಹೊಸದೊಂದನ್ನು ಕೊಂಡು ಗಾಡಿಯನ್ನು ಮೆಲ್ಲಗೆ ಮನೆಗೆ ತಂದೆ. ಒಂದು ಪಿನ್ನು, ಎರಡು ನಟ್ಟು. ಕಾಫಿ ಕುಡಿಯುವುದರೊಳಗೆ ಮುಗಿಯಬೇಕಾದ ಕೆಲಸ.

ಅಂಗಳದಲ್ಲಿ ಜಾಕ್ ಕೊಟ್ಟು ಚಕ್ರ ಬಿಚ್ಚಿದೆ. “ಒಂದು ಜಾಕ್ ನಂಬಿ ತಲೆ ಒಳಗೆ ಹಾಕ್ಬೇಡ ಮಾರಾಯ” ಎಂದು ಅಮ್ಮ ಜಗುಲಿಯಿಂದಲೇ ಕೂಗಿದಳು. ಚಾಸಿಯ ಕೆಳಗೆ ಹಲಸಿನ ದಿಮ್ಮಿ ಇಟ್ಟೆ, ಬಿಚ್ಚಿದ ಚಕ್ರವನ್ನೂ ಮಲಗಿಸಿ ತಳ್ಳಿದೆ. ಈ ಲೇಖನ ಬರೆಯುವಷ್ಟು ಪೂರ್ತಿಯಾಗಿ ನಾನು ಉಳಿದಿರುವುದಕ್ಕೆ ಆ ದಿಮ್ಮಿಯೂ ಕಾರಣ.

ಮೊದಲು ಲಾಕ್ ನಟ್. ಅದಕ್ಕೆ ಪಾನಾ ಕೊಟ್ಟು ಎಳೆದರೆ ನಟ್ ಬಿಟ್ಟು ಉಳಿದದ್ದೆಲ್ಲ ತಿರುಗಿತು: ನನ್ನ ಮಣಿಕಟ್ಟು, ಸೊಂಟ, ಕೊನೆಗೆ ತಲೆ. ಕಬ್ಬಿಣ ತುಕ್ಕಾದರೆ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಮರೆಯ ಸಂದಿಯಲ್ಲಿ ಜಾಗವೆಲ್ಲಿ? ಆಷಾಢದಲ್ಲಿ ನೀರು ಕುಡಿದ ಬಾಗಿಲು ಚೌಕಟ್ಟನ್ನು ಕಚ್ಚಿಕೊಳ್ಳುವ ಹಾಗೆ ಕಚ್ಚಿಕೊಳ್ಳುತ್ತದೆ. ಪಕ್ಕದ ಮನೆಯವರು ಒಂದು ಡಬ್ಬಿ ಡಬ್ಲ್ಯೂಡಿ-40 ಕೊಟ್ಟರು. ಅಟ್ಲಾಸ್ ಕ್ಷಿಪಣಿಯ ಮೈಗೆ ತುಕ್ಕು ಹಿಡಿಯದಿರಲೆಂದು ಬಳಸಿದ ಸರಕು ಅದು. 1953ರಲ್ಲಿ ಸ್ಯಾನ್ ಡಿಯಾಗೋದಲ್ಲಿ ನೀರನ್ನು ಓಡಿಸುವ ದ್ರವಕ್ಕಾಗಿ ಹೆಣಗಿದವರಿಗೆ 40ನೇ ಪ್ರಯತ್ನದಲ್ಲಿ ಕೈಗೂಡಿತಂತೆ. ಹೆಸರಿನ ಬಾಲದಲ್ಲಿರುವುದು ಅದೇ 40. ನಾನಿನ್ನೂ ಹನ್ನೊಂದನೆಯದರಲ್ಲಿದ್ದೆ. ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಪಾನಾದ ಹಿಡಿಗೆ ಬಾವಿ ಪಂಪಿನ ಹಳೇ ಪೈಪು ತೂರಿಸಿ ಎಳೆದೆ. ‘ಕಿರ್ರ್’ ಎಂದಿತು. ಅಷ್ಟು ಇಂಪಾದ ಸ್ವರವನ್ನು ನಾನು ಯಾವ ಕಛೇರಿಯಲ್ಲೂ ಕೇಳಿಲ್ಲ.

ನಿಜವಾದ ಗ್ರಹಚಾರ ಇದ್ದದ್ದು ಆಮೇಲೆ. ಈ ಎಂಡಿನ ಕಡ್ಡಿ ಸಪಾಟಲ್ಲ, ಒಂದು ತುದಿಗೆ ಸಣ್ಣಗಾಗುತ್ತ ಹೋಗುತ್ತದೆ. ಅದು ಕೂರುವ ಸ್ಟೇರಿಂಗ್ ಆರ್ಮಿನ ತೂತಿಗೂ ಅದೇ ಆಕಾರ. ನಟ್ ಬಿಗಿದಷ್ಟೂ ಒಂದಕ್ಕೊಂದು ಕಚ್ಚುತ್ತವೆ, ನಟ್ ಬಿಚ್ಚಿದರೂ ಬಿಡುವುದಿಲ್ಲ. ನಾನು ನಟ್ಟನ್ನು ತುದಿಯಲ್ಲಿ ಎರಡು ಸುತ್ತು ಉಳಿಸಿ, ಮೇಲಿನಿಂದ ಕಡ್ಡಿಯ ತಲೆಗೆ ಸುತ್ತಿಗೆಯಲ್ಲಿ ಬಡಿದೆ. ಕಡ್ಡಿಯ ತಲೆ ನಾಯಿಕೊಡೆಯಂತೆ ಅರಳಿತು, ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಎಂಡ್ ಮಾತ್ರ ಕದಲಲಿಲ್ಲ.

ಅಂಗಾತ ಮಲಗಿದವನಿಗೆ ಇತಿಹಾಸ ನೆನಪಾಗುತ್ತದೆ. ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ಓರೆಯಾಗಬೇಕು, ಇಲ್ಲದಿದ್ದರೆ ಒಂದು ಚಕ್ರ ನೆಲ ಉಜ್ಜಿಕೊಂಡು ಹೋಗುತ್ತದೆ. ಅದಕ್ಕಾಗಿಯೇ ಈ ಸರಳುಗಳ ಜೋಡಣೆ. ಇದನ್ನು ಕಂಡುಹಿಡಿದವನು ಮ್ಯೂನಿಕ್‌ನ ಸಾರೋಟು ತಯಾರಕ ಗೆಯಾರ್ಗ್ ಲಾಂಕೆನ್‌ಸ್ಪೆರ್ಗರ್. 1818ರಲ್ಲಿ ಲಂಡನ್ನಿನಲ್ಲಿ ಅದರ ಪೇಟೆಂಟ್ ಪಡೆದವನು ಅವನ ಏಜೆಂಟ್, ಪುಸ್ತಕ ಮತ್ತು ಚಿತ್ರಗಳ ವ್ಯಾಪಾರಿ ರುಡಾಲ್ಫ್ ಆಕರ್‌ಮನ್. ಲೋಕ ಇವತ್ತಿಗೂ ಅದನ್ನು ಕರೆಯುವುದು ಆಕರ್‌ಮನ್ ಸ್ಟೇರಿಂಗ್ ಎಂದೇ. ಬೆವರು ಸುರಿಸಿದವನ ಹೆಸರು ಹೇಳಲು ನಾಲಿಗೆಯೂ ತೊಡರುತ್ತದೆ, ಪಾಪ.

“ಎಂತದಾ ಅದು, ಬೆಳಗಿಂದ ಕುಟ್ತಿದೀಯ?” ಅಮ್ಮ ಕಾಫಿ ತಂದು ಬಗ್ಗಿ ನೋಡಿದಳು. ವಿವರಿಸಿದೆ. ಒಂದರೊಳಗೊಂದು ಸೇರಿ ಕಚ್ಚಿಕೊಂಡಿದೆ ಅಂದೆ.

“ಲೋಟದೊಳಗೆ ಲೋಟ ಸಿಕ್ಕಿದ ಹಾಗೆ ಅನ್ನು.”

“ಹೌದು, ಹಾಗೇ.”

“ಹಂಗಾದ್ರೆ ತಳಕ್ಕೆ ಯಾಕೆ ಬಡೀತೀಯ? ತಳಕ್ಕೆ ಬಡಿದರೆ ತಳ ನೆಗ್ಗುತ್ತೆ. ಹೊರಗಿನ ಲೋಟಕ್ಕೆ ಸೌಟಲ್ಲಿ ಪಕ್ಕದಿಂದ ಹೊಡೀಬೇಕು. ಅದಕ್ಕೂ ಬಗ್ಗದಿದ್ರೆ ಹೊರಗಿನದನ್ನ ಬಿಸಿನೀರಲ್ಲಿಟ್ಟು ಒಳಗಿನದಕ್ಕೆ ತಣ್ಣೀರು ಹೊಯ್ಯೋದು.”

ಇಷ್ಟು ವರ್ಷ ಅದೇ ಲೋಟಗಳಲ್ಲಿ ಕಾಫಿ ಕುಡಿದಿದ್ದೆ, ಕಾಫಿಯನ್ನಷ್ಟೇ ನೋಡಿದ್ದೆ. ದೊಡ್ಡ ಸುತ್ತಿಗೆಯೊಂದನ್ನು ಆರ್ಮಿನ ಒಂದು ಪಕ್ಕಕ್ಕೆ ಆನಿಸಿ ಹಿಡಿದು, ಎದುರು ಪಕ್ಕಕ್ಕೆ ಇನ್ನೊಂದರಿಂದ ಬಡಿದೆ. ಏಟು ಬಿದ್ದಾಗ ತೂತು ಒಂದು ಕ್ಷಣ ಕೂದಲೆಳೆಯಷ್ಟು ಅಂಡಾಕಾರವಾಗುತ್ತದೆ, ಹಿಡಿತ ಸಡಿಲುತ್ತದೆ. ಮೂರನೇ ಏಟಿಗೆ ‘ಟಣ್’ ಎಂದು ಎಂಡ್ ಕೆಳಕ್ಕೆ ಜಾರಿ ಉಳಿಸಿದ ನಟ್ಟಿಗೆ ನೇತು ನಿಂತಿತು. ಅಲ್ಲಿ ನಟ್ ಇರದಿದ್ದರೆ ಅದು ನೇರ ನನ್ನ ಹಣೆಯ ಮೇಲೆ.

ಉತ್ಸಾಹದಲ್ಲಿ ಹಳೆಯದನ್ನು ಸರಸರ ತಿರುಗಿಸಿ ತೆಗೆದು ಹೊಸದನ್ನು ಹಾಕಿದೆ, ನಟ್ಟಿಗೆ ಹೊಸ ಪಿನ್ನು ಹಾಕಿ ಮಡಚಿದೆ. ಹಳೆಯದು ಎಷ್ಟು ಸುತ್ತಿಗೆ ಹೊರಬಂತೆಂದು ಎಣಿಸಿಕೊಂಡು, ಹೊಸದನ್ನೂ ಅಷ್ಟೇ ಸುತ್ತು ಒಳಗೆ ಕೂರಿಸಬೇಕಿತ್ತು. ಎಣಿಸಿರಲಿಲ್ಲ.

ಮಧ್ಯಾಹ್ನ ಅಲೈನ್‌ಮೆಂಟ್ ಮಾಡಿಸಲು ಪೇಟೆಗೆ ಹೊರಟಾಗ, ಸೊಪ್ಪಿನ ಬೀಜ ಬೇಕೆಂದು ಅಮ್ಮನೂ ಹತ್ತಿದಳು. ಡಬ್ಬಿ ಕೊಟ್ಟ ನೆರೆಯವರು ಗೇಟಿನಲ್ಲಿ ತಡೆದು, “ಹೆಂಗೆ ಬಿಡಿಸಿದ್ರಿ ಮಾರಾಯ್ರೆ?” ಅಂದರು. “ಪಕ್ಕದಿಂದ ಹೊಡೀಬೇಕು ನೋಡಿ, ಅದರಲ್ಲೇ ಇರೋದು ಗುಟ್ಟು. ಯೋಚನೆ ಮಾಡಿದ್ರೆ ಹೊಳೆಯುತ್ತೆ” ಅಂದೆ. ಅಮ್ಮ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು.

ಗಾಡಿ ಡಾಂಬರು ರಸ್ತೆಗೆ ಬಂತು. ರಸ್ತೆ ನೇರ, ಗಾಡಿಯೂ ನೇರ. ಸ್ಟೇರಿಂಗ್ ಮಾತ್ರ ಯಾರದೋ ಮನೆಗೆ ತಿರುಗುವಂತೆ ಎಡಕ್ಕೆ ವಾಲಿಕೊಂಡಿತ್ತು. ಅಮ್ಮ ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು.

“ಇದೂ ನಿಂಗೇ ಹೊಳೆದಿದ್ದಾ?”